ರಸ್ತೆಯಂಚಿನಲ್ಲಿ ದೀಪ ಮಿನುಗುತ್ತಿದ್ದರೆ: ಅಮೆರಿಕದಲ್ಲಿ ಕಾರು ಓಡಿಸುವವರಿಗೆ ‘ಮೂವ್ ಓವರ್’ ಕಾನೂನಿನ ಮಾರ್ಗದರ್ಶಿ

‘ಹೆದ್ದಾರಿಯಲ್ಲಿ ವೇಗಮಿತಿಯೊಳಗೇ ಹೋಗುತ್ತಿದ್ದೆ. ಪಕ್ಕದಲ್ಲಿ ಪೊಲೀಸರು ಬೇರೆ ಯಾರನ್ನೋ ನಿಲ್ಲಿಸಿಕೊಂಡಿದ್ದರು. ನಾನು ನನ್ನ ಪಾಡಿಗೆ ದಾಟಿ ಹೋದೆ. ಎರಡೇ ನಿಮಿಷದಲ್ಲಿ ಇನ್ನೊಂದು ಪೊಲೀಸ್ ಕಾರು ಬೆನ್ನ ಹಿಂದೆ ಬಂತು, ಟಿಕೆಟ್ (ದಂಡದ ಚೀಟಿ) ಕೈಗೆ ಬಂತು. ನಾನು ಮಾಡಿದ ತಪ್ಪೇನು?’

ಅಮೆರಿಕಕ್ಕೆ ಬಂದು ಹೊಸದಾಗಿ ಲೈಸೆನ್ಸ್ ಪಡೆದ ಕನ್ನಡಿಗರಿಂದ ಈ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. ಉತ್ತರ ಒಂದೇ: ನೀವು ಜಾಗ ಬಿಡಲಿಲ್ಲ.

ಸೈರನ್ ಹಾಕಿಕೊಂಡು ಬರುವ ಆಂಬುಲೆನ್ಸಿಗೆ ದಾರಿ ಬಿಡಬೇಕೆಂದು ಊರಿನಲ್ಲೇ ಕಲಿತು ಬಂದಿದ್ದೇವೆ. ಭಾರತದ ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿಸಿದ 194ಇ ಕಲಂ ಪ್ರಕಾರ, ದಾರಿ ಬಿಡದವರಿಗೆ 10,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಆಗಬಹುದು. ಅದು ಚಲಿಸುತ್ತಿರುವ ವಾಹನದ ಮಾತು. ಅಮೆರಿಕದ ‘ಮೂವ್ ಓವರ್’ ಕಾನೂನು, ಅಂದರೆ ‘ಸರಿದು ಹೋಗಿ’ ಕಾನೂನು, ರಸ್ತೆ ಬದಿಯಲ್ಲಿ ನಿಂತಿರುವ ವಾಹನಕ್ಕೆ ಸಂಬಂಧಿಸಿದ್ದು. ದೀಪ ಮಿನುಗಿಸುತ್ತಾ ನಿಂತ ವಾಹನ ಕಂಡರೆ ಅದರ ಪಕ್ಕದ ಲೇನ್ ಖಾಲಿ ಬಿಟ್ಟು ಆಚೆಯ ಲೇನಿಗೆ ಸರಿಯಬೇಕು. ಸರಿಯಲು ಸಾಧ್ಯವೇ ಇಲ್ಲದಿದ್ದರೆ ವೇಗ ತಗ್ಗಿಸಬೇಕು.

ಹಂತಗಳಿಗೆ ಹೋಗುವ ಮೊದಲು, ಈ ಕಾನೂನು ಯಾಕೆ ಬಂತೆಂದು ತಿಳಿದುಕೊಳ್ಳಿ. ಕಾರಣ ಗೊತ್ತಿದ್ದವರಿಗೆ ನಿಯಮ ತಾನಾಗಿ ನೆನಪಿರುತ್ತದೆ.

ಅಂತರರಾಜ್ಯ ಹೆದ್ದಾರಿಯ ಬಲ ಅಂಚಿನಲ್ಲಿ, ಬಿಳಿ ಗೆರೆಯಿಂದಾಚೆ, ತುರ್ತಿಗೆ ನಿಲ್ಲಲು ಬಿಟ್ಟಿರುವ ಪಟ್ಟಿಗೆ ‘ಶೋಲ್ಡರ್’ ಎನ್ನುತ್ತಾರೆ. ಅದರ ಅಗಲ ಸಾಮಾನ್ಯವಾಗಿ ಹತ್ತು ಅಡಿ. ಅದರಲ್ಲಿ ಆರಡಿ ಅಗಲದ ಕಾರು ಬಲಗಡೆ ಒಂದೆರಡು ಅಡಿ ಬಿಟ್ಟು ನಿಂತರೆ, ಚಾಲಕನ ಬಾಗಿಲಿಗೂ ಬಿಳಿ ಗೆರೆಗೂ ನಡುವೆ ಉಳಿಯುವುದು ಎರಡು ಮೂರು ಅಡಿ. ಪೊಲೀಸ್ ಅಧಿಕಾರಿ ಕಿಟಕಿಗೆ ಬಗ್ಗಿ ಮಾತನಾಡುವುದು, ಕೆಟ್ಟ ಕಾರುಗಳನ್ನು ಎಳೆದೊಯ್ಯುವ ಟೋ ಟ್ರಕ್ಕಿನವನು ಮಂಡಿಯೂರಿ ಚಕ್ರಕ್ಕೆ ಪಟ್ಟಿ ಬಿಗಿಯುವುದು ಎಲ್ಲವೂ ಆ ಎರಡು ಮೂರು ಅಡಿಯಲ್ಲೇ. ಬಗ್ಗಿದವನ ಬೆನ್ನು ನಿಮ್ಮ ಲೇನಿನ ಕಡೆಗಿರುತ್ತದೆ. ನೀವು ಬರುವುದು ಅವನಿಗೆ ಕಾಣುವುದಿಲ್ಲ. ಗಂಟೆಗೆ 65 ಮೈಲಿ ವೇಗದ ಕಾರು ಒಂದು ಸೆಕೆಂಡಿನಲ್ಲಿ 95 ಅಡಿ ಸಾಗುತ್ತದೆ. ಮೊಬೈಲ್ ಕಡೆ ಎರಡು ಸೆಕೆಂಡ್ ಕಣ್ಣು ಹಾಯಿಸಿದರೆ 190 ಅಡಿ ಕುರುಡಾಗಿ ಹೋದಂತೆ.

ಒಮ್ಮೆ ನ್ಯೂಜೆರ್ಸಿಯ ಹೆದ್ದಾರಿಯಲ್ಲಿ ಟಯರ್ ಪಂಕ್ಚರ್ ಆಗಿ ಮುಕ್ಕಾಲು ಗಂಟೆ ಶೋಲ್ಡರಿನಲ್ಲಿ ಕಾರಿನೊಳಗೆ ಕುಳಿತಿದ್ದೆ. ಪಕ್ಕದ ಲೇನಿನಲ್ಲೇ ಲಾರಿ ಹಾದಾಗಲೆಲ್ಲ ಇಡೀ ಕಾರು ತೊಟ್ಟಿಲಿನಂತೆ ಅಲುಗುತ್ತಿತ್ತು. ಒಂದು ಲೇನ್ ಸರಿದು ಹೋದ ಲಾರಿಯಿಂದ ಸದ್ದು ಮಾತ್ರ ಬರುತ್ತಿತ್ತು. ಆ ವ್ಯತ್ಯಾಸ ಮೈಗೆ ಗೊತ್ತಾದ ಮೇಲೆ ಈ ಕಾನೂನನ್ನು ಯಾರೂ ನನಗೆ ವಿವರಿಸಬೇಕಾಗಲಿಲ್ಲ.

ಇಂಥ ಮೊದಲ ಕಾನೂನು ಬಂದದ್ದು 1996ರಲ್ಲಿ, ಸೌತ್ ಕೆರೊಲಿನಾದಲ್ಲಿ. ಅಲ್ಲಿನ ಲೆಕ್ಸಿಂಗ್ಟನ್ ಎಂಬಲ್ಲಿ 1994ರ ಜನವರಿಯಲ್ಲಿ ಜೇಮ್ಸ್ ಗಾರ್ಸಿಯಾ ಎಂಬ ಆಂಬುಲೆನ್ಸ್ ಸಿಬ್ಬಂದಿ ಅಪಘಾತದ ಸ್ಥಳದಲ್ಲಿ ನೆರವಾಗುತ್ತಿದ್ದಾಗ ವಾಹನವೊಂದು ಅವರಿಗೆ ಬಡಿಯಿತು. ಪೊಲೀಸ್ ವರದಿ ತಪ್ಪು ಗಾರ್ಸಿಯಾ ಅವರದೇ ಎಂದಿತು, ಏಕೆಂದರೆ ಅಲ್ಲಿ ನಿಂತು ಕೆಲಸ ಮಾಡುವವರಿಗೆ ರಕ್ಷಣೆ ಕೊಡುವ ಕಾನೂನೇ ಇರಲಿಲ್ಲ. ಅವರು ಬಿಡದೆ ಓಡಾಡಿ ಕಾನೂನು ತರಿಸಿದರು. ಇಲಿನಾಯ್ ರಾಜ್ಯದ ಕಾನೂನಿಗೆ ‘ಸ್ಕಾಟ್ಸ್ ಲಾ’ ಎಂದು ಹೆಸರು. 2000ದ ಡಿಸೆಂಬರಿನಲ್ಲಿ ಷಿಕಾಗೋದ ಡ್ಯಾನ್ ರಯಾನ್ ಹೆದ್ದಾರಿಯಲ್ಲಿ ಅಪಘಾತಕ್ಕೊಳಗಾದವರಿಗೆ ನೆರವಾಗುತ್ತಿದ್ದಾಗಲೇ ಕಾರು ಬಡಿದು ಸತ್ತ ಅಗ್ನಿಶಾಮಕ ಅಧಿಕಾರಿ ಸ್ಕಾಟ್ ಗಿಲೆನ್ ಅವರ ಹೆಸರದು. 2012ರಲ್ಲಿ ಹವಾಯಿ ಸೇರುವುದರೊಂದಿಗೆ 50 ರಾಜ್ಯಗಳಲ್ಲೂ ಈ ಕಾನೂನು ಬಂದಂತಾಯಿತು.

ಯಾವ ವಾಹನಗಳಿಗೆ ಜಾಗ ಬಿಡಬೇಕು?

ಪೊಲೀಸ್, ಅಗ್ನಿಶಾಮಕ, ಆಂಬುಲೆನ್ಸ್ ಎಲ್ಲ ಕಡೆಯೂ ಸೇರಿವೆ. ಟೋ ಟ್ರಕ್ ಮತ್ತು ರಸ್ತೆ ದುರಸ್ತಿಯ ವಾಹನಗಳು ಹೆಚ್ಚಿನ ಕಡೆ ಸೇರಿವೆ. ಟೆಕ್ಸಾಸಿನಲ್ಲಿ ಕಸದ ಲಾರಿಯೂ ವಿದ್ಯುತ್ ಕಂಪನಿಯ ವಾಹನವೂ ಪಟ್ಟಿಯಲ್ಲಿವೆ. ಪೊಲೀಸರ ಕೆಂಪು–ನೀಲಿ ದೀಪ ಕಂಡು ಸರಿಯುವ ಎಷ್ಟೋ ಜನ ಟೋ ಟ್ರಕ್ಕಿನ ಹಳದಿ ದೀಪವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ದಯವಿಟ್ಟು ಆ ತಪ್ಪು ಮಾಡಬೇಡಿ. ರಸ್ತೆಗೆ ಬೆನ್ನು ಮಾಡಿ ಬಹಳ ಹೊತ್ತು ಬಗ್ಗಿ ಕೆಲಸ ಮಾಡುವವನು ಟೋ ಟ್ರಕ್ಕಿನವನೇ.

ಇತ್ತೀಚಿನ ವರ್ಷಗಳಲ್ಲಿ ಒಂದು ದೊಡ್ಡ ಬದಲಾವಣೆ ಆಗಿದೆ. ಹಜಾರ್ಡ್ ದೀಪ (ನಾಲ್ಕೂ ಇಂಡಿಕೇಟರ್ ಒಟ್ಟಿಗೆ ಮಿನುಗುವುದು) ಹಾಕಿಕೊಂಡು ನಿಂತ ಸಾಮಾನ್ಯ ಕಾರಿಗೂ ಹಲವು ರಾಜ್ಯಗಳು ಈ ರಕ್ಷಣೆ ಕೊಟ್ಟಿವೆ: ಮೇರಿಲ್ಯಾಂಡ್ 2022ರ ಅಕ್ಟೋಬರಿನಿಂದ, ವರ್ಜೀನಿಯಾ 2023ರ ಜುಲೈಯಿಂದ, ಫ್ಲಾರಿಡಾ 2024ರ ಜನವರಿಯಿಂದ, ನ್ಯೂಯಾರ್ಕ್ 2024ರ ಮಾರ್ಚಿನಿಂದ, ಕ್ಯಾಲಿಫೋರ್ನಿಯಾ 2026ರ ಜನವರಿಯಿಂದ. ಹತ್ತು ವರ್ಷದ ಹಿಂದೆ ಲೈಸೆನ್ಸ್ ಪರೀಕ್ಷೆಗೆ ಓದಿದ ಪುಸ್ತಕದಲ್ಲಿ ಇದು ಇರಲಿಲ್ಲ. ಹಳಬರೂ ಎಡವುವುದು ಇಲ್ಲೇ. ನನ್ನ ಸಲಹೆ ಸರಳ: ಯಾವ ರಾಜ್ಯ, ಯಾವ ಬಣ್ಣ ಎಂದು ಲೆಕ್ಕ ಹಾಕುತ್ತಾ ಕೂರಬೇಡಿ. ಅಂಚಿನಲ್ಲಿ ಏನೇ ಮಿನುಗುತ್ತಿದ್ದರೂ ಸರಿಯಿರಿ.

ಈಗ ಹಂತಗಳು.

1. ದೂರದಿಂದಲೇ ಗುರುತಿಸಿ

ದೃಷ್ಟಿ ಯಾವಾಗಲೂ ಮುಂದಿನ ಕಾರಿನ ಬಂಪರಿನಾಚೆ ಇರಲಿ. ಮಿನುಗುವ ದೀಪ, ಕಿತ್ತಳೆ ಬಣ್ಣದ ಕೋನು, ನೆಲದಲ್ಲಿ ಉರಿಯುವ ಕೆಂಪು ಫ್ಲೇರ್ (ಎಚ್ಚರಿಕೆಗೆ ಇಡುವ ಬೆಂಕಿಕಡ್ಡಿ), ಮುಂದಿನ ವಾಹನಗಳು ಸಾಲಾಗಿ ಎಡಕ್ಕೆ ಜರುಗುವುದು, ಇವೆಲ್ಲ ಸೂಚನೆಗಳು. ಮುಂದೆ ದೊಡ್ಡ ಲಾರಿಯಿದ್ದರೆ ಅಂಚು ಕಾಣುವುದಿಲ್ಲ, ಅಂತರ ಹೆಚ್ಚಿಸಿಕೊಳ್ಳಿ. ತಿರುವಿನಲ್ಲಿ ಮತ್ತು ಹೆದ್ದಾರಿಗೆ ಸೇರುವ ರ‍್ಯಾಂಪಿನ ಬಳಿ ದೀಪ ತಡವಾಗಿ ಕಾಣುತ್ತದೆ.

ವಾಹನ ಯಾವ ಬದಿಯಲ್ಲಿದೆ ಎಂಬುದನ್ನೂ ಈಗಲೇ ನೋಡಿಕೊಳ್ಳಿ. ಇಲ್ಲಿ ಬಲಬದಿಯ ಸಂಚಾರವಾದ್ದರಿಂದ ಹೆಚ್ಚಾಗಿ ಬಲ ಅಂಚಿನಲ್ಲಿರುತ್ತದೆ, ನೀವು ಎಡಕ್ಕೆ ಸರಿಯುತ್ತೀರಿ. ವಾಹನ ಎಡಗಡೆ, ವಿಭಜಕದ ಪಕ್ಕ ನಿಂತಿದ್ದರೆ ಬಲಕ್ಕೆ ಸರಿಯಬೇಕು.

2. ಆಕ್ಸಿಲರೇಟರಿನಿಂದ ಕಾಲು ತೆಗೆಯಿರಿ

ಪೊಲೀಸ್ ಕಾರು ಕಂಡ ಕೂಡಲೇ ಗಾಬರಿಯಿಂದ ಬ್ರೇಕ್ ಒತ್ತುವುದು ನಮ್ಮಲ್ಲಿ ಅನೇಕರಿಗೆ ಅಭ್ಯಾಸ. ಹಿಂದಿನವನು ಅದನ್ನು ನಿರೀಕ್ಷಿಸಿರುವುದಿಲ್ಲ. ಒಂದು ಅಪಘಾತದ ಜಾಗದಲ್ಲಿ ನಡೆಯುವ ಎರಡನೇ ಅಪಘಾತ ಹೀಗೇ ಹುಟ್ಟುತ್ತದೆ. ಕ್ರೂಸ್ ಕಂಟ್ರೋಲ್ (ವೇಗವನ್ನು ತಾನಾಗಿ ಕಾಯ್ದುಕೊಳ್ಳುವ ವ್ಯವಸ್ಥೆ) ಹಾಕಿದ್ದರೆ ತೆಗೆಯಿರಿ. ಕಾಲು ಎತ್ತಿ, ಕಾರು ಮೆಲ್ಲಗೆ ನಿಧಾನವಾಗಲು ಬಿಡಿ. ಆಮೇಲೆ ಬೇಕಾದಷ್ಟೇ ಬ್ರೇಕ್ ಒತ್ತಿ.

ಸ್ವಯಂಚಾಲನೆಯ ನೆರವಿರುವ ಕಾರು ಓಡಿಸುವವರಿಗೆ ವಿಶೇಷ ಎಚ್ಚರಿಕೆ. ಆಟೋಪೈಲಟ್ ಚಾಲನೆಯಲ್ಲಿದ್ದ ಟೆಸ್ಲಾ ಕಾರುಗಳು ನಿಂತಿರುವ ತುರ್ತು ವಾಹನಗಳಿಗೆ ಗುದ್ದಿದ ಪ್ರಕರಣಗಳ ಬಗ್ಗೆ ಅಮೆರಿಕದ ಹೆದ್ದಾರಿ ಸುರಕ್ಷತಾ ಸಂಸ್ಥೆ 2021ರ ಆಗಸ್ಟಿನಲ್ಲಿ ತನಿಖೆ ಆರಂಭಿಸಿತು. ಯಾವ ಕಂಪನಿಯ ಕಾರೇ ಆಗಲಿ, ವೇಗವಾಗಿ ಹೋಗುವಾಗ ಕದಲದೆ ನಿಂತ ವಸ್ತುವನ್ನು ಗುರುತಿಸುವುದು ಇಂಥ ವ್ಯವಸ್ಥೆಗಳಿಗೆ ಕಷ್ಟ. ದೀಪ ಕಂಡ ಕ್ಷಣವೇ ಚಾಲನೆಯನ್ನು ಪೂರ್ತಿ ನಿಮ್ಮ ಕೈಗೆ ತೆಗೆದುಕೊಳ್ಳಿ.

3. ನೋಡಿ, ಸೂಚಿಸಿ, ಸರಿಯಿರಿ

ಒಳಗನ್ನಡಿ, ಪಕ್ಕದ ಕನ್ನಡಿ, ಕೊನೆಗೆ ತಲೆ ತಿರುಗಿಸಿ ಭುಜದ ಮೇಲಿಂದ ಒಂದು ನೋಟ. ಈ ಕೊನೆಯದು ಬ್ಲೈಂಡ್ ಸ್ಪಾಟಿಗಾಗಿ, ಅಂದರೆ ಯಾವ ಕನ್ನಡಿಗೂ ಸಿಗದ ಜಾಗಕ್ಕಾಗಿ. ಇಂಡಿಕೇಟರ್ ಹಾಕಿ, ಜಾಗವಿದೆ ಎಂದು ಖಚಿತವಾದ ಮೇಲೆ ಒಂದೇ ಹದದಲ್ಲಿ ಪಕ್ಕದ ಲೇನಿಗೆ ಹೋಗಿ. ಎರಡು ಚಕ್ರ ಈ ಲೇನಿನಲ್ಲಿ, ಎರಡು ಚಕ್ರ ಆ ಲೇನಿನಲ್ಲಿ ಇಟ್ಟುಕೊಂಡು ಸಾಗುವುದು ಸರಿದಂತಲ್ಲ. ನಿಂತ ವಾಹನ ತಲುಪುವ ಮೊದಲೇ ನಿಮ್ಮ ಇಡೀ ಕಾರು ಆಚೆಯ ಲೇನಿನಲ್ಲಿರಬೇಕು.

ನೀವು ಮೊದಲೇ ಎಡ ಲೇನಿನಲ್ಲಿದ್ದೀರಾ? ಬಲಗಡೆಯವರು ಒಳಗೆ ಬರಲು ಇಂಡಿಕೇಟರ್ ಹಾಕಿರುತ್ತಾರೆ. ಅಂಥ ಹೊತ್ತಿನಲ್ಲಿ ವೇಗ ಹೆಚ್ಚಿಸಿ ಜಾಗ ಮುಚ್ಚುವವರನ್ನು ಕಂಡರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಸ್ವಲ್ಪ ಹಿಂದೆ ಸರಿದು ಒಂದು ಕಾರಿಗೆ ದಾರಿ ಕೊಡಿ.

4. ಸರಿಯಲು ಆಗದಿದ್ದರೆ ವೇಗ ತಗ್ಗಿಸಿ

ಪಕ್ಕದ ಲೇನ್ ತುಂಬಿದೆ, ಅಥವಾ ನಿಮ್ಮ ದಿಕ್ಕಿಗೆ ಒಂದೇ ಲೇನ್ ಇದೆ. ಆಗ ಎರಡನೆಯ ದಾರಿ. ಎಷ್ಟು ತಗ್ಗಿಸಬೇಕೆಂಬುದು ರಾಜ್ಯದಿಂದ ರಾಜ್ಯಕ್ಕೆ ಬೇರೆ. ಟೆಕ್ಸಾಸ್, ಫ್ಲಾರಿಡಾ, ಪೆನ್ಸಿಲ್ವೇನಿಯಾಗಳಲ್ಲಿ ಫಲಕದಲ್ಲಿರುವ ವೇಗಮಿತಿಗಿಂತ ಗಂಟೆಗೆ 20 ಮೈಲಿ ಕಡಿಮೆ. ಮಿತಿಗಿಂತ, ನೀವು ಹೋಗುತ್ತಿದ್ದ ವೇಗಕ್ಕಿಂತ ಅಲ್ಲ, ಇದನ್ನು ಗಮನಿಸಿ. ಮಿತಿ 65 ಇದ್ದು ನೀವು 75ರಲ್ಲಿದ್ದರೆ 55ಕ್ಕೆ ಇಳಿಸಿದ್ದು ಸಾಲದು, 45ಕ್ಕೆ ಬರಬೇಕು. ಮಿತಿಯೇ ತೀರ ಕಡಿಮೆ ಇರುವ ಬೀದಿಗಳಲ್ಲಿ, ಅಂದರೆ ಟೆಕ್ಸಾಸಿನಲ್ಲಿ 25ಕ್ಕಿಂತ ಕಡಿಮೆ, ಫ್ಲಾರಿಡಾದಲ್ಲಿ 20 ಅಥವಾ ಅದಕ್ಕಿಂತ ಕಡಿಮೆ ಇದ್ದಲ್ಲಿ, ಗಂಟೆಗೆ 5 ಮೈಲಿಗೆ ಇಳಿಯಬೇಕು.

ಮಿಷಿಗನ್ನಿನಲ್ಲಿ ‘ಇದು ಇಲ್ಲವೇ ಅದು’ ಎಂಬ ಆಯ್ಕೆಯೇ ಇಲ್ಲ. ಮಿತಿಗಿಂತ ಕನಿಷ್ಠ 10 ಮೈಲಿ ಕಡಿಮೆ ಮಾಡಬೇಕು, ಜೊತೆಗೆ ಲೇನನ್ನೂ ಬದಲಿಸಬೇಕು. ಕ್ಯಾಲಿಫೋರ್ನಿಯಾದ ಕಾನೂನು ಅಂಕಿ ಕೊಡದೆ ಸಂದರ್ಭಕ್ಕೆ ತಕ್ಕ ಸುರಕ್ಷಿತ ವೇಗ ಎನ್ನುತ್ತದೆ. ನ್ಯೂಜೆರ್ಸಿ ಮಿತಿಗಿಂತ ಕಡಿಮೆ ವೇಗ ಎನ್ನುತ್ತದೆ. ಅಂಕಿ ಇಲ್ಲವೆಂದು ಸಡಿಲವಾಗಬೇಡಿ. ಸಾಕಷ್ಟು ತಗ್ಗಿಸಿದಿರೋ ಇಲ್ಲವೋ ಎಂದು ಅಲ್ಲಿ ಮೊದಲು ತೀರ್ಮಾನಿಸುವವರು ಪೊಲೀಸರು. ಅಂಕಿ ನೆನಪಿಲ್ಲದಿದ್ದರೆ ಮಿತಿಗಿಂತ 20 ಕಡಿಮೆ ಎಂದು ಇಟ್ಟುಕೊಳ್ಳಿ. ಮಳೆ, ಹಿಮ, ಕಣ್ಣಿಗೆ ಕಾಣದ ಮಂಜುಗಡ್ಡೆ ಇದ್ದರೆ ಇನ್ನೂ ಕಡಿಮೆ.

ಎದುರು ಬದುರು ಒಂದೊಂದೇ ಲೇನ್ ಇರುವ ರಸ್ತೆಯಲ್ಲಿ ಸರಿಯುವ ಉತ್ಸಾಹದಲ್ಲಿ ಜೋಡಿ ಹಳದಿ ಗೆರೆ ದಾಟಿ ಎದುರಿನವರ ಲೇನಿಗೆ ನುಗ್ಗಬೇಡಿ. ಅಲ್ಲಿ ವೇಗ ತಗ್ಗಿಸಿ, ನಿಮ್ಮ ಲೇನಿನೊಳಗೇ ಎಡಕ್ಕೆ ಆತುಕೊಂಡು ಹೋಗಿ.

5. ಪಕ್ಕದಲ್ಲಿ ಹಾಯುವಾಗ

ಏನಾಯಿತೆಂದು ಕತ್ತು ತಿರುಗಿಸಿ ನೋಡಬೇಡಿ. ಕಣ್ಣು ಹೋದ ಕಡೆಗೆ ಕೈಯೂ ಸ್ಟೀರಿಂಗನ್ನು ಎಳೆಯುತ್ತದೆ. ರಾತ್ರಿ, ಕಣ್ಣು ಕೋರೈಸುವ ದೀಪಗಳ ಮುಂದೆ ಇನ್ನೂ ಹೆಚ್ಚು. ದೃಷ್ಟಿ ನೀವು ಹೋಗಬೇಕಾದ ಲೇನಿನ ಮೇಲಿರಲಿ. ತೆರೆದುಕೊಳ್ಳುವ ಬಾಗಿಲು, ಎರಡು ವಾಹನಗಳ ನಡುವಿನಿಂದ ಹೊರಬರುವ ಮನುಷ್ಯ, ಇವೆರಡನ್ನು ಮಾತ್ರ ಓರೆಗಣ್ಣಿನಲ್ಲಿ ಗಮನಿಸಿ. ಮಿತಿಮೀರಿ ನಿಧಾನಿಸುವುದು, ಲೇನಿನಲ್ಲೇ ನಿಂತುಬಿಡುವುದು ಅಪಾಯ. ಪೊಲೀಸರು ಕೈ ತೋರಿಸಿ ನಿಲ್ಲಿಸಿದರೆ ಮಾತ್ರ ನಿಲ್ಲಿ.

6. ದಾಟಿದ ಮೇಲೆ

ಕೊನೆಯ ವಾಹನವನ್ನು ಪೂರ್ತಿ ದಾಟಿದ ನಂತರವೇ ವೇಗ ಹೆಚ್ಚಿಸಿ, ಹಳೆಯ ಲೇನಿಗೆ ಮರಳಿ. ದೊಡ್ಡ ಅಪಘಾತವಾಗಿದ್ದರೆ ಮೊದಲ ದೀಪದಾಚೆ ಇನ್ನೂ ನಾಲ್ಕು ವಾಹನಗಳು ನಿಂತಿರುತ್ತವೆ. ಒಂದನ್ನು ದಾಟಿ ಒಳಗೆ ನುಗ್ಗಿದರೆ ಮುಂದಿನದರ ಪಕ್ಕಕ್ಕೇ ಬರುತ್ತೀರಿ.

ಬೆರೆಸಿಕೊಳ್ಳಬಾರದ ಮೂರು ನಿಯಮಗಳು

ಸೈರನ್ ಸಮೇತ ಬರುತ್ತಿರುವ ವಾಹನಕ್ಕೆ ಬಲ ಅಂಚಿಗೆ ಹೋಗಿ ನಿಲ್ಲಬೇಕು. ನಿಂತಿರುವ ತುರ್ತು ವಾಹನಕ್ಕೆ ಲೇನ್ ಬಿಟ್ಟು ಸಾಗಬೇಕು, ನಿಲ್ಲಬಾರದು. ಹಳದಿ ಶಾಲಾ ಬಸ್ಸು ಕೆಂಪು ದೀಪ ಮಿನುಗಿಸಿ ‘ಸ್ಟಾಪ್’ ಫಲಕ ಚಾಚಿದ್ದರೆ ಪೂರ್ತಿ ನಿಲ್ಲಬೇಕು; ಎರಡು ಲೇನಿನ ರಸ್ತೆಯಲ್ಲಿ ಎದುರಿನಿಂದ ಬರುವವರೂ ನಿಲ್ಲಬೇಕು. ನಿಂತ ಶಾಲಾ ಬಸ್ಸಿಗೆ ‘ಸರಿದು ಹೋಗುವ’ ನಿಯಮ ಅನ್ವಯಿಸಿ ಪಕ್ಕದಿಂದ ದಾಟಿದರೆ ಅದು ಮಕ್ಕಳ ಪ್ರಾಣದ ಪ್ರಶ್ನೆ.

ಹಜಾರ್ಡ್ ದೀಪದ ಬಗ್ಗೆಯೂ ಒಂದು ಮಾತು. ಶಿರಾಡಿಯಲ್ಲೋ ಚಾರ್ಮಾಡಿಯಲ್ಲೋ ಮಳೆ ಸುರಿದರೆ ನಾಲ್ಕೂ ಇಂಡಿಕೇಟರ್ ಹಾಕಿಕೊಂಡು ಸಾಗುವುದು ನಮಗೆ ರೂಢಿ. ಅಮೆರಿಕದ ಕೆಲವು ರಾಜ್ಯಗಳಲ್ಲಿ ಚಲಿಸುವಾಗ ಅದನ್ನು ಹಾಕುವಂತಿಲ್ಲ. ನಿಷೇಧ ಇಲ್ಲದ ಕಡೆಯೂ ಬೇಡ: ಹಜಾರ್ಡ್ ದೀಪ ಎಂದರೆ ಇಲ್ಲಿ ‘ಈ ಕಾರು ನಿಂತಿದೆ’ ಎಂದು ಜನ ಓದಿಕೊಳ್ಳುತ್ತಾರೆ. ಜೊತೆಗೆ, ಲೇನ್ ಬದಲಿಸಲು ನೀವು ಹಾಕುವ ಇಂಡಿಕೇಟರ್ ಅದರ ನಡುವೆ ಯಾರಿಗೂ ಕಾಣುವುದಿಲ್ಲ.

ಟಿಕೆಟ್ ಬಂದರೆ

ಪೊಲೀಸ್ ಕಾರು ನಿಮ್ಮ ಬೆನ್ನ ಹಿಂದೆ ಬಂದು ದೀಪ ಹಾಕಿದರೆ ಬಲಕ್ಕೆ ಸರಿದು ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ. ಊರಿನಲ್ಲಿ ಮಾಡುವಂತೆ ದಾಖಲೆ ಹಿಡಿದುಕೊಂಡು ಇಳಿದು ಪೊಲೀಸರ ಬಳಿ ನಡೆದು ಹೋಗಬೇಡಿ. ಇಲ್ಲಿ ಅದನ್ನು ಬೆದರಿಕೆ ಎಂದು ಭಾವಿಸುತ್ತಾರೆ. ಕಿಟಕಿ ಇಳಿಸಿ, ಎರಡೂ ಕೈ ಸ್ಟೀರಿಂಗ್ ಮೇಲಿಟ್ಟು ಕುಳಿತಿರಿ. ಕೇಳಿದ ಮೇಲೆ, ಏನು ತೆಗೆಯುತ್ತಿದ್ದೀರೆಂದು ಹೇಳಿ ದಾಖಲೆ ಕೊಡಿ.

ದಂಡ ಚಿಕ್ಕದಲ್ಲ. ನ್ಯೂಜೆರ್ಸಿಯಲ್ಲಿ 100ರಿಂದ 500 ಡಾಲರ್, ಮಿಷಿಗನ್ನಿನಲ್ಲಿ 400, ಟೆಕ್ಸಾಸಿನಲ್ಲಿ ಮೊದಲ ಸಲಕ್ಕೇ 500ರಿಂದ 1,250. ಇಲಿನಾಯ್‌ನಲ್ಲಿ ಕನಿಷ್ಠ 250, ಗರಿಷ್ಠ 10,000. ಅಪಘಾತವಾಗಿದ್ದರೆ ಲೈಸೆನ್ಸೂ ಅಮಾನತಾಗುತ್ತದೆ. ಕೆನಡಾದ ಒಂಟಾರಿಯೊದಲ್ಲಿರುವವರಿಗೆ ಮೊದಲ ಸಲ 400ರಿಂದ 2,000 ಕೆನಡಾ ಡಾಲರ್ ಮತ್ತು ಮೂರು ಡಿಮೆರಿಟ್ ಪಾಯಿಂಟ್ (ತಪ್ಪಿಗಾಗಿ ಲೈಸೆನ್ಸಿಗೆ ಸೇರುವ ಅಂಕ). ಇನ್ಶೂರೆನ್ಸ್ ಕಂತು ಏರಿದರೆ ಆ ಹೊರೆ ವರ್ಷಗಟ್ಟಲೆ ಉಳಿಯುತ್ತದೆ.

ಟಿಕೆಟ್ಟಿನಲ್ಲಿರುವ ಕೊನೆಯ ದಿನಾಂಕವನ್ನು ಮೊದಲು ನೋಡಿ. ದಂಡ ಕಟ್ಟಿದರೆ ತಪ್ಪು ಒಪ್ಪಿಕೊಂಡಂತೆ. ಒಪ್ಪದಿದ್ದರೆ ನ್ಯಾಯಾಲಯದ ದಿನ ಕೇಳಬಹುದು. ಸುಮ್ಮನೆ ಡ್ರಾಯರಿನಲ್ಲಿ ಹಾಕಿಟ್ಟರೆ ಲೈಸೆನ್ಸಿಗೇ ಕುತ್ತು ಬರಬಹುದು. ದಂಡ ಕಟ್ಟಿದ ರಸೀದಿಯನ್ನು ಜೋಪಾನವಾಗಿಡಿ. ಮುಂದೆ ಅಮೆರಿಕದ ಪೌರತ್ವಕ್ಕೆ ಅರ್ಜಿ ಹಾಕುವಾಗ ಪೊಲೀಸರು ಯಾವತ್ತಾದರೂ ಬಂಧಿಸಿದ್ದಾರೆಯೇ, ಟಿಕೆಟ್ ಕೊಟ್ಟಿದ್ದಾರೆಯೇ ಎಂಬ ಪ್ರಶ್ನೆ ಎದುರಾಗುತ್ತದೆ, ಆಗ ಅದು ಬೇಕಾಗಬಹುದು. ಯಾರಿಗಾದರೂ ಗಾಯವಾಗಿದ್ದರೆ ವಿಷಯ ಬೇರೆ. ಟೆಕ್ಸಾಸಿನಂಥ ರಾಜ್ಯದಲ್ಲಿ ಅದು ಕ್ರಿಮಿನಲ್ ಅಪರಾಧ; ವೀಸಾದಲ್ಲಿರುವವರು ಮೊದಲು ವಕೀಲರನ್ನು ಕಾಣಬೇಕು.

ನಿಮ್ಮ ಕಾರೇ ಕೆಟ್ಟು ನಿಂತರೆ

ಈಗ ಆ ಎರಡು ಮೂರು ಅಡಿಯಲ್ಲಿ ಇರುವವರು ನೀವು. ಆದಷ್ಟು ಬಲಕ್ಕೆ, ಬಿಳಿ ಗೆರೆಯಿಂದ ದೂರ ನಿಲ್ಲಿಸಿ. ಮುಂದಿನ ಎಕ್ಸಿಟ್‌ವರೆಗೆ ಕಾರು ತೆವಳಬಲ್ಲದಾದರೆ ಹೆದ್ದಾರಿಯಿಂದ ಹೊರಗೆ ಹೋಗುವುದೇ ಮೇಲು. ನಿಂತ ಕೂಡಲೇ ಹಜಾರ್ಡ್ ದೀಪ ಹಾಕಿ. ಹಲವು ರಾಜ್ಯಗಳಲ್ಲಿ ನಿಮಗೆ ಕಾನೂನಿನ ರಕ್ಷಣೆ ಸಿಗುವುದು ಆ ದೀಪದಿಂದಲೇ. ಎಲ್ಲರೂ ಬಲಬದಿಯ ಬಾಗಿಲಿನಿಂದ ಇಳಿದು ಲೋಹದ ತಡೆಬೇಲಿಯ ಆಚೆ, ಕಾರಿನಿಂದ ದೂರ ನಿಲ್ಲಬೇಕು. ಕಾರಿನ ಹಿಂದೆ ಅಥವಾ ಎರಡು ಕಾರುಗಳ ನಡುವೆ ನಿಲ್ಲಬಾರದು. ಎಡಬದಿಯ ಟಯರನ್ನು ನೀವೇ ಬದಲಿಸಲು ಹೋಗಬೇಡಿ, ಟೋ ಟ್ರಕ್ ಕರೆಯಿರಿ. ಇಳಿಯಲು ಸುರಕ್ಷಿತ ಜಾಗವೇ ಇಲ್ಲದಿದ್ದರೆ ಸೀಟ್ ಬೆಲ್ಟ್ ಬಿಚ್ಚದೆ ಒಳಗೇ ಕುಳಿತು ತುರ್ತು ಸಂಖ್ಯೆ 911ಕ್ಕೆ ಕರೆ ಮಾಡಿ, ಹತ್ತಿರದ ಮೈಲಿಗಲ್ಲಿನ ಸಂಖ್ಯೆ ಹೇಳಿ.

ಕಾರಿನೊಳಗೆ, ಕೈಗೆಟುಕುವ ಕಡೆ, ಬೆಳಕು ಬಿದ್ದರೆ ಹೊಳೆಯುವ ಜಾಕೆಟ್ ಇಟ್ಟುಕೊಳ್ಳಿ. ಒಂದೇ ಒಂದಲ್ಲ, ಕಾರಿನಲ್ಲಿ ಕೂರುವಷ್ಟು ಜನಕ್ಕೆ. ಊರಿನಿಂದ ಬಂದ ಅಪ್ಪ ಅಮ್ಮ ಚಳಿಗೆಂದು ಕಪ್ಪು ಕೋಟು ತೊಟ್ಟಿರುತ್ತಾರೆ, ರಾತ್ರಿ ಹೊತ್ತು ಅವರು ಯಾರ ಕಣ್ಣಿಗೂ ಬೀಳುವುದಿಲ್ಲ. ಇಳಿಯುವ ಮೊದಲು ಅವರಿಗೆ ಜಾಕೆಟ್ ತೊಡಿಸಿ, ಕೈ ಹಿಡಿದು ತಡೆಬೇಲಿ ದಾಟಿಸಿ, ಆಮೇಲೆ ಫೋನ್ ಮಾಡಿ.